ಬಾಯಿ ಬಿಡಿಸುವುದೇ ಚಿಕಿತ್ಸೆಯಲ್ಲ

ಮೊದಲ ಮಹಾಯುದ್ಧದಲ್ಲಿ ಮಾತು ಕಳೆದುಕೊಂಡ 24 ವರ್ಷದ ಸೈನಿಕನೊಬ್ಬನನ್ನು ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಗೆ ತಂದರು. ಒಂಬತ್ತು ತಿಂಗಳಿಂದ ಆತ ಒಂದು ಮಾತೂ ಆಡಿರಲಿಲ್ಲ. ವೈದ್ಯ ಲೂಯಿಸ್ ಯೀಲ್ಯಾಂಡ್ ಬಾಗಿಲಿಗೆ ಬೀಗ ಹಾಕಿದರು. ಮಾತಾಡುವವರೆಗೂ ಹೊರಗೆ ಬಿಡುವುದಿಲ್ಲ ಎಂದು ಗಂಟಲಿಗೆ ವಿದ್ಯುತ್ ಹಾಯಿಸಿದರು. ಗಂಟೆಗಟ್ಟಲೆ ಹಿಂಸೆಯ ನಂತರ ಸೈನಿಕ ಮಾತಾಡಿದ. 1918ರ ತಮ್ಮ ಪುಸ್ತಕದಲ್ಲಿ ಯೀಲ್ಯಾಂಡ್ ಇದನ್ನು ಗೆಲುವೆಂದೇ ಬರೆದುಕೊಂಡರು.

ಈಗ ಯಾರೂ ಹಾಗೆ ಕರೆಂಟು ಕೊಡುವುದಿಲ್ಲ. ಆದರೆ "ಎಲ್ಲಾ ಹೇಳಿಬಿಡಮ್ಮ, ಮನಸ್ಸು ಹಗುರಾಗುತ್ತೆ" ಎಂದು ದೌರ್ಜನ್ಯಕ್ಕೊಳಗಾದವಳ ಮೇಲೆ ಹೇರುವ ಒತ್ತಾಯ ಮನೆಯಲ್ಲೂ ಇದೆ, ಠಾಣೆಯಲ್ಲೂ ಇದೆ, ಅವಸರದ ಆಪ್ತಸಮಾಲೋಚಕರ ಕೋಣೆಯಲ್ಲೂ ಇದೆ. ಮಾತು ತಡವರಿಸಿದರೆ, ಘಟನೆಗಳು ಹಿಂದುಮುಂದಾದರೆ, ಅಳಬೇಕಾದಲ್ಲಿ ಅಳದಿದ್ದರೆ ಸುಳ್ಳು ಹೇಳುತ್ತಿದ್ದಾಳೆ ಎಂಬ ತೀರ್ಪು ಸಿದ್ಧ.

ದೇಹದ ಲೆಕ್ಕವೇ ಬೇರೆ. ಅಪಾಯ ಕಂಡೊಡನೆ ಮಿದುಳಿನ ಅಮಿಗ್ಡಲ ಚುರುಕಾಗುತ್ತದೆ, ಅಡ್ರಿನಾಲಿನ್ ನುಗ್ಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಕೆಲವರ ಮೈ ಮರಗಟ್ಟುತ್ತದೆ. ವರ್ಷಗಳ ನಂತರವೂ ಒಂದು ವಾಸನೆ, ಒಂದು ಸದ್ದು ಅದೇ ಸ್ಥಿತಿಗೆ ಎಳೆದೊಯ್ಯಬಲ್ಲದು. 1996ರಲ್ಲಿ ಮನೋವೈದ್ಯರಾದ ಸ್ಕಾಟ್ ರಾಚ್, ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಮಂದಿಗೆ ಅವರವರ ಆಘಾತದ ವಿವರವನ್ನೇ ಕೇಳಿಸಿ ಪೆಟ್ ಸ್ಕ್ಯಾನ್ ಮಾಡಲಾಗಿತ್ತು. ಅಮಿಗ್ಡಲ ಕೆರಳಿತ್ತು, ಮಾತಿಗೆ ಬೇಕಾದ ಬ್ರೋಕಾ ಭಾಗ ಮಂಕಾಗಿತ್ತು. ಎಂಟೇ ಜನರಿಂದ ದೊಡ್ಡ ಸಿದ್ಧಾಂತ ಕಟ್ಟಲಾಗದು, ನಿಜ. ಆದರೂ "ಹೇಳೋಕೆ ಬರ್ತಿಲ್ಲ" ಎನ್ನುವವರಿಗೆ ಹಟಮಾರಿ ಪಟ್ಟ ಕಟ್ಟುವ ಮುನ್ನ ತಡೆದು ಯೋಚಿಸಲು ಅಷ್ಟು ಸಾಕು.

ಹಾಗೆಂದು ಮಾತೇ ಬೇಡವೆಂದಲ್ಲ. ನಡೆದದ್ದನ್ನು ಹಲವು ಭೇಟಿಗಳಲ್ಲಿ, ತಯಾರಿಯೊಂದಿಗೆ ಮತ್ತೆ ಮತ್ತೆ ಹೇಳಿಸುವ, ಮನೋವಿಜ್ಞಾನಿ ಎಡ್ನಾ ಫೋವಾ ಅವರ ಚಿಕಿತ್ಸೆ ಅನೇಕರಿಗೆ ಗುಣ ಕೊಟ್ಟಿದೆ. ಎಡವಟ್ಟಾಗುವುದು ಆತುರದಲ್ಲಿ. ಬ್ರಿಟನ್ನಿನಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಂದ ಕೂಡಲೇ, ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸಿ ನೋಡಿದರು. ಮೊದಲೇ ಹೆಚ್ಚು ನಲುಗಿದ್ದವರು ಮೂರು ವರ್ಷವಾದರೂ ಚೇತರಿಸಿಕೊಳ್ಳಲಿಲ್ಲ. ಅವರಷ್ಟೇ ನಲುಗಿದ್ದರೂ ಯಾರೂ ಕೆದಕದೆ ಬಿಟ್ಟವರು ಚೇತರಿಸಿಕೊಂಡಿದ್ದರು.

ಮಕ್ಕಳ ಮಟ್ಟಿಗೆ ನಮ್ಮ ಕಾನೂನು ಈ ಆತುರಕ್ಕೆ ತಡೆ ಹಾಕಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಸಾಕ್ಷಿ ಹೇಳುವ ಮಗುವಿಗೆ ನಡುನಡುವೆ ಬಿಡುವು ಕೊಡಲು ಹೇಳುತ್ತದೆ. ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವಿಗೆ ತಲುಪಬೇಕು. ಹದಿನೆಂಟು ತುಂಬಿದ ಮರುದಿನ ನರಮಂಡಲವೇನೂ ಉಕ್ಕಾಗುವುದಿಲ್ಲ. ದೌರ್ಜನ್ಯಕ್ಕೊಳಗಾದ ವಯಸ್ಕರ ಹೇಳಿಕೆ ಬರೆದುಕೊಳ್ಳುವಾಗಲೂ ಇಂಥ ಬಿಡುವು ನಿಯಮವಾಗಬೇಕು. ಠಾಣೆಯ ಸಿಬ್ಬಂದಿಗೂ ಆಪ್ತಸಮಾಲೋಚಕರಿಗೂ ಇದನ್ನು ಕಲಿಸಬಲ್ಲವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದ್ದಾರೆ.