ಬೋರು ಫೇಲಾದ್ರೆ ದುಡ್ಡು ಯಾರದ್ದು?

ನಮ್ಮ ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ತೋಟ ಒಣಗೋಕೆ ಶುರುವಾದ್ರೆ ಮೊದಲು ಬರೋದು ನೀರು ನೋಡೋರು, ಆಮೇಲೆ ರಿಗ್ ಲಾರಿ. ಅಂಗೈ ಮೇಲೆ ಕಾಯಿ ಎದ್ದು ನಿಂತ ಜಾಗವೇ ಪಾಯಿಂಟು (ತೆಂಗಿನ ಸೀಮೆ ನೋಡಿ, ಭೂವಿಜ್ಞಾನಕ್ಕೂ ಕಾಯೇ ಬೇಕು :-)). ಲೆಕ್ಕ ಅಡಿಗಿಷ್ಟು ಅಂತ. ಆಳ ಹೋದಂತೆ ರೇಟು ಏರುತ್ತೆ, ಕೇಸಿಂಗ್ ಪೈಪಿಗೆ ಬೇರೆ ದುಡ್ಡು. ನೀರು ಚಿಮ್ಮಿದರೂ ಅಷ್ಟೇ, ಬರೀ ಧೂಳೆದ್ದರೂ ಅಷ್ಟೇ.

ಇದು ಮೋಸ ಅನ್ನೋರು ಊರ ತುಂಬ ಇದಾರೆ. ನನಗೆ ಹಾಗನ್ನಿಸೊಲ್ಲ. ನೀರು ಬಂದರೆ ಮಾತ್ರ ದುಡ್ಡು ಅಂದ್ರೆ, ಫೇಲಾಗೋ ಬೋರುಗಳ ಖರ್ಚನ್ನೂ ಸೇರಿಸಿಯೇ ರಿಗ್ಗಿನವನು ರೇಟು ಹೇಳ್ತಾನೆ. ಫಿಕ್ಸೆಡ್ ಪ್ರೈಸ್ ಪ್ರಾಜೆಕ್ಟಿಗೆ ಸಾಫ್ಟ್‌ವೇರಿನ ನಾವು ಮಾಡೋದೂ ಅದನ್ನೇ.

ನೆಲದಡಿ ಏನಿದೆ ಅಂತ ದೊಡ್ಡೋರಿಗೂ ಪೂರ್ತಿ ಗೊತ್ತಿರೊಲ್ಲ. ಬೆಂಗಳೂರು ಮೆಟ್ರೋದ ಮೊದಲ ಹಂತದಲ್ಲಿ ಗೋದಾವರಿ ಅನ್ನೋ ಸುರಂಗ ಯಂತ್ರ ಕಟರ್ ಹೆಡ್ ಹಾಳಾಗಿ ತಿಂಗಳುಗಟ್ಟಲೆ ನಿಂತೇಬಿಟ್ಟಿತ್ತು, ಆಚೆ ಬಂದಿದ್ದು 2016ರಲ್ಲಿ. ಇಂಥ ಜಗಳಕ್ಕೇ ಅಂತ ಫಿಡಿಕ್ ಅನ್ನೋ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ 2019ರಲ್ಲಿ ಎಮರಾಲ್ಡ್ ಬುಕ್ ಅನ್ನೋ ಮಾದರಿ ಒಪ್ಪಂದ ತಂತು. ಅದರ ಜೀವಾಳ ಒಂದು ವರದಿ: ನೆಲ ಹೀಗಿರುತ್ತೆ ಅಂತ ಮೊದಲೇ ಬರೆದಿಡೋದು. ನೆಲ ಅದರಂತೇ ಇದ್ದರೆ ಹೊಣೆ ಕಂಟ್ರಾಕ್ಟರದು, ಅದಕ್ಕಿಂತ ಕೆಟ್ಟದಾಗಿದ್ದರೆ ಮಾಲೀಕನದು.

ನಮ್ಮೂರಲ್ಲಿ ಇಲ್ಲದ್ದು ಆ ಕಾಗದ. ಇಷ್ಟು ತೂತು ಕೊರೆದಿದ್ದೀವಿ, ಒಂದರ ಲೆಕ್ಕವೂ ಊರಲ್ಲಿ ಉಳಿದಿಲ್ಲ. ಕೇಸಿಂಗ್ ಎಷ್ಟಡಿ ಇಳಿಯಿತು, ಕಲ್ಲಿನ ಬಣ್ಣ ಎಲ್ಲಿ ಬದಲಾಯ್ತು, ನೀರು ಎಷ್ಟಡಿಗೆ ಸಿಕ್ತು, ಇಲ್ಲಾ ಎಷ್ಟಕ್ಕೆ ಕೈಬಿಟ್ಟರು.. ಎಲ್ಲಾ ಲಾರಿ ಜೊತೇಲೇ ಹೋಗಿಬಿಡುತ್ತೆ. ರಿಗ್ಗಿನವನು ಬಿಲ್ಲಿನ ಮೇಲೆ ಇಷ್ಟು ಬರೆದು, ಒಂದು ಪ್ರತಿ ಗ್ರಾಮ ಪಂಚಾಯ್ತಿಗೆ ಕೊಡಲೇಬೇಕು ಅಂತ ಮಾಡಲಿ. 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಕೊರೆಸೋಕೆ ಅನುಮತಿ ಹೇಗೂ ಬೇಕು, ಆ ಫೈಲಿಗೇ ಸೇರಿಸಿದರಾಯ್ತು.

ಗಟ್ಟಿ ಕಲ್ಲಿನ ನೆಲದಲ್ಲಿ ನೀರಿರೋದು ಬಿರುಕಲ್ಲಿ, ಪಕ್ಕದವನಿಗೆ ಬಂದಿದ್ದು ನಮಗೆ ಬರಬೇಕು ಅಂತೇನಿಲ್ಲ. ಒಪ್ಪಿದೆ. ಆದರೆ ರೈತನನ್ನ ಸಾಲಕ್ಕೆ ದೂಡೋದು ಬೋರು ಹಾಕಿಸೋ ತೀರ್ಮಾನಕ್ಕಿಂತ ಎಲ್ಲಿ ನಿಲ್ಲಿಸಬೇಕು ಅನ್ನೋ ತೀರ್ಮಾನ. ಏಳುನೂರು ಅಡಿ ಆಗಿದೆ, ನಡುರಾತ್ರಿ, ಮನೆಯವರೆಲ್ಲ ಸುತ್ತ ನಿಂತಿದಾರೆ. "ಇನ್ನೊಂದು ನೂರಡಿ ಹಾಕಣ್ಣೋ, ಸಿಗುತ್ತೆ" ಅಂತಾನೆ ಏಜೆಂಟು. ಅಡಿಗಿಷ್ಟು ಅಂತ ಎಣಿಸಿಕೊಳ್ಳೋ ಕಡೆಯವನೇ ಸಲಹೆ ಕೊಡೋನೂ! ಸುತ್ತಲ ನಾಲ್ಕು ತೋಟದವರು ಎಷ್ಟಡಿಗೆ ಕೈಬಿಟ್ಟರು ಅನ್ನೋ ಚೀಟಿ ಆಗ ಜೇಬಲ್ಲಿದ್ದರೆ, "ಸಾಕು ಕಣಪ್ಪ, ಲಾರಿ ಎತ್ತು" ಅನ್ನೋಕೆ ಧೈರ್ಯ ಬಂದೀತು.