ಕ್ರೈಸ್ತರೋ ಕ್ರೈಸ್ತಾಭಾಸರೋ: ಮಾರ್ಮನ್ ಮತದ ಗಡಿಪ್ರಶ್ನೆ

2001ರ ಜೂನ್ 5ರಂದು ವ್ಯಾಟಿಕನ್ನಿನ ಶ್ರದ್ಧಾಸಿದ್ಧಾಂತ ಪೀಠವು ಒಂದು ಪ್ರಶ್ನೆಗೆ ಉತ್ತರ ನೀಡಿತು. ಅಂತ್ಯಕಾಲದ ಸಂತರ ಯೇಸು ಕ್ರಿಸ್ತನ ಸಭೆ, ಅಂದರೆ ಲೋಕರೂಢಿಯ ಮಾರ್ಮನ್ ಸಭೆ, ಕೊಡುವ ದೀಕ್ಷಾಸ್ನಾನವು ಸಿಂಧುವೇ ಎಂಬುದು ಪ್ರಶ್ನೆ. ಅಲ್ಲವೆಂಬುದು ಉತ್ತರ. ಈ ವಿಷಯದಲ್ಲಿ ಕಥೊಲಿಕ ಧರ್ಮಸಭೆ ಸಾಮಾನ್ಯವಾಗಿ ಉದಾರವಾದುದು. ಪ್ರೊಟೆಸ್ಟಂಟರು ಕೊಟ್ಟ ಸ್ನಾನವನ್ನು ಅದು ಒಪ್ಪುತ್ತದೆ. ತುರ್ತುಪ್ರಸಂಗದಲ್ಲಿ ಕ್ರೈಸ್ತನಲ್ಲದವನೇ ಸರಿಯಾದ ಉದ್ದೇಶದಿಂದ ಕೊಟ್ಟರೂ ಒಪ್ಪುತ್ತದೆ. ಮಾರ್ಮನ್ನರೂ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿಯೇ ಸ್ನಾನ ಕೊಡುತ್ತಾರೆ. ಆದರೂ ನಿರಾಕರಣೆ ಬಂದಿತು. ಅದಕ್ಕೆ ಕೊಟ್ಟ ಕಾರಣ ಸಾಹಿತ್ಯದ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾಗಿದೆ: ಶಬ್ದಗಳು ಒಂದೇ ಆದರೂ ಅವು ಸೂಚಿಸುವ ಅರ್ಥ ಬೇರೆ.

ಈ ನಿರ್ಣಯವನ್ನು ದೊಡ್ಡ ಸಂಸ್ಥೆಯೊಂದು ಚಿಕ್ಕ ಸಮುದಾಯವನ್ನು ಹೊರಗಿಟ್ಟ ಕಥೆಯಾಗಿ ಓದುವುದು ಸುಲಭ. ಆದರೆ ಅದು ಅರ್ಧ ಕಥೆ. ಜೋಸೆಫ್ ಸ್ಮಿತ್ ತನ್ನ ಸಭೆಯನ್ನು ನ್ಯೂಯಾರ್ಕ್ ಪ್ರಾಂತದಲ್ಲಿ ವಿಧ್ಯುಕ್ತವಾಗಿ ಸ್ಥಾಪಿಸಿದ್ದು 1830ರ ಏಪ್ರಿಲ್ 6ರಂದು. ಅದೇ ತಿಂಗಳಿನಲ್ಲಿಯೇ, ಬೇರೆ ಸಭೆಗಳಲ್ಲಿ ಸ್ನಾನ ಪಡೆದವರೂ ಇಲ್ಲಿ ಹೊಸದಾಗಿ ಪಡೆಯಬೇಕೆಂಬ ದೇವವಾಣಿ ತನಗೆ ಆಯಿತೆಂದು ಆತ ಪ್ರಕಟಿಸಿದ. ರೋಮ್ 2001ರಲ್ಲಿ ಹೇಳಿದ್ದನ್ನು ಮಾರ್ಮನ್ನರು ರೋಮನ್ನೂ ಒಳಗೊಂಡು ಇಡೀ ಕ್ರೈಸ್ತಲೋಕವನ್ನು ಕುರಿತು ನೂರೆಪ್ಪತ್ತು ವರ್ಷಗಳ ಹಿಂದೆಯೇ ಹೇಳಿದ್ದರು. ಅಪೊಸ್ತಲರು ತೀರಿಕೊಂಡ ಮೇಲೆ ನಿಜವಾದ ಅಧಿಕಾರ ಭೂಮಿಯಿಂದ ಮರೆಯಾಯಿತು, ಸ್ಮಿತ್‌ನ ಮೂಲಕ ಅದು ಪುನಃಸ್ಥಾಪಿತವಾಯಿತು ಎಂಬುದೇ ಆ ಮತದ ತಳಹದಿ. ಸುಧಾರಣೆ ಅಲ್ಲ, ಪುನಃಸ್ಥಾಪನೆ. ಲೂಥರನು ಹಳೆಯ ಮನೆಯನ್ನು ದುರಸ್ತಿ ಮಾಡಹೊರಟವನು. ಸ್ಮಿತ್ ಆ ಮನೆಯಲ್ಲಿ ಯಜಮಾನನೇ ಇಲ್ಲವೆಂದವನು.

ಬಹುಪತ್ನಿತ್ವದ ಪ್ರಸ್ತಾಪವನ್ನು ಇಲ್ಲಿ ಬೆಳೆಸುವುದಿಲ್ಲ. ಮುಖ್ಯ ಸಭೆ 1890ರಲ್ಲಿಯೇ ಅದರಿಂದ ಹಿಂದೆ ಸರಿಯಿತು. ಜನಪ್ರಿಯ ಬರಹಗಳಿಗೆ ಅದು ರುಚಿಕರ ವಸ್ತುವಾದರೂ ಗಡಿಯ ಪ್ರಶ್ನೆ ಅದರಲ್ಲಿಲ್ಲ. ಅದಿರುವುದು ದೇವರ ಸ್ವರೂಪದಲ್ಲಿ.

ಕ್ರಿ.ಶ. 325ರ ನೈಸೀಯ ಸಮ್ಮೇಳನದಲ್ಲಿ ರೂಪುಗೊಂಡು 381ರ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನದಲ್ಲಿ ಬೆಳೆದ ವಿಶ್ವಾಸಪ್ರಮಾಣವು ಮಗನು ತಂದೆಯೊಡನೆ ಏಕಸತ್ತ್ವನು ಎನ್ನುತ್ತದೆ. ರೋಮನ್ ಕಥೊಲಿಕರು, ಪೌರಸ್ತ್ಯ ಆರ್ಥೊಡಾಕ್ಸರು, ಪ್ರೊಟೆಸ್ಟಂಟರ ಬಹುಭಾಗ ಇದನ್ನು ಒಪ್ಪುತ್ತಾರೆ. ಈ ದೇವರು ಅಶರೀರಿ, ಶೂನ್ಯದಿಂದ ಸೃಷ್ಟಿಸಿದವನು, ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವಿನ ಅಂತರ ಎಂದೂ ಅಳಿಯುವುದಿಲ್ಲ. ಮಾರ್ಮನ್ ಸಿದ್ಧಾಂತ ಈ ಮೂರನ್ನೂ ನಿರಾಕರಿಸುತ್ತದೆ. ತಂದೆಗೂ ಮಗನಿಗೂ ರಕ್ತವಿಲ್ಲದಿದ್ದರೂ ಮಾಂಸ-ಮೂಳೆಗಳ ಶರೀರವುಂಟೆಂದು, ಪವಿತ್ರಾತ್ಮ ಮಾತ್ರ ಆತ್ಮರೂಪಿಯೆಂದು ಸ್ಮಿತ್ 1843ರಲ್ಲಿ ಬೋಧಿಸಿದ. ಮೂವರ ಐಕ್ಯ ಸತ್ತ್ವದ ಐಕ್ಯವಲ್ಲ, ಸಂಕಲ್ಪದ ಐಕ್ಯ. ಜಡದ್ರವ್ಯ ಅನಾದಿ, ಮನುಷ್ಯನೊಳಗಿನ ಚೈತನ್ಯವೂ ಯಾರಿಂದಲೂ ಸೃಷ್ಟವಾದುದಲ್ಲ. 1844ರ ಏಪ್ರಿಲ್‌ನಲ್ಲಿ, ತಾನು ಹತನಾಗುವುದಕ್ಕೆ ಮೂರು ತಿಂಗಳಿಗೂ ಕಡಿಮೆ ಅವಧಿಯಿದ್ದಾಗ, ಕಿಂಗ್ ಫಾಲೆಟ್ ಎಂಬ ಅನುಯಾಯಿಯ ಮರಣದ ನೆಪದಲ್ಲಿ ಮಾಡಿದ ಉಪದೇಶದಲ್ಲಿ ಆತ ಇನ್ನೂ ಮುಂದೆ ಹೋದ: ದೇವರೂ ಒಮ್ಮೆ ನಮ್ಮಂತಿದ್ದವನು, ನಾವೂ ದೇವರಾಗಬಲ್ಲೆವು.

ಈ ಸಿದ್ಧಾಂತ ಆರಂಭದಲ್ಲಿಯೇ ಪೂರ್ಣವಾಗಿ ಇತ್ತೇ? ಪಾಠಸಂಶೋಧನೆ ಬಲ್ಲವರಿಗೆ ಇಲ್ಲೊಂದು ಸೊಗಸಾದ ಪಾಠಾಂತರವಿದೆ. ಮಾರ್ಮನ್ ಗ್ರಂಥದ 1830ರ ಮೊದಲ ಮುದ್ರಣದಲ್ಲಿ, ನೀಫೈ ಎಂಬವನು ಕಂಡ ದರ್ಶನದ ಪ್ರಸಂಗದಲ್ಲಿ, ಕನ್ಯೆಯನ್ನು ದೇವರ ತಾಯಿ ಎಂದು ಕರೆದಿದೆ. 1837ರ ಎರಡನೆಯ ಮುದ್ರಣದಲ್ಲಿ ಅವಳು ದೇವಪುತ್ರನ ತಾಯಿಯಾಗುತ್ತಾಳೆ. ಇದು ಕೇವಲ ಸ್ಪಷ್ಟೀಕರಣವೆಂದು ಶ್ರದ್ಧಾವಂತರು ಹೇಳುತ್ತಾರೆ. ತಂದೆ-ಮಕ್ಕಳ ಭೇದ ಸ್ಮಿತ್‌ನ ಮನಸ್ಸಿನಲ್ಲಿ ಕ್ರಮೇಣ ಗಟ್ಟಿಯಾದುದಕ್ಕೆ ಸಾಕ್ಷಿಯೆಂದು ಇತರರು. ನನಗೆ ಎರಡನೆಯ ವಿವರಣೆ ಹೆಚ್ಚು ಸಂಭವನೀಯವಾಗಿ ತೋರುತ್ತದೆ. ಏಕೆಂದರೆ ಆ ಗ್ರಂಥದ ಬೇರೆ ಕೆಲವು ಭಾಗಗಳೂ ಸಂಪ್ರದಾಯಸ್ಥ ಕ್ರೈಸ್ತನೊಬ್ಬ ಹೆಚ್ಚು ತಕರಾರಿಲ್ಲದೆ ಓದಬಹುದಾದ ಭಾಷೆಯಲ್ಲಿಯೇ ಇವೆ.

ಇದಕ್ಕೆ ಇತಿಹಾಸವೇ ಇನ್ನೊಂದು ಆಧಾರ ಕೊಟ್ಟಿದೆ. ಸ್ಮಿತ್‌ನ ಮರಣಾನಂತರ ಬಹುಜನರು ಬ್ರಿಗ್‌ಹಮ್ ಯಂಗ್‌ನೊಡನೆ ಪಶ್ಚಿಮಕ್ಕೆ ಹೋಗಿ 1847ರಲ್ಲಿ ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲಸಿದರು. ಹೋಗದೆ ಉಳಿದವರಲ್ಲಿ ಅನೇಕರು 1860ರಲ್ಲಿ ಸ್ಮಿತ್‌ನ ಮಗನ ನಾಯಕತ್ವದಲ್ಲಿ ಬೇರೆ ಸಭೆಯಾದರು. ಅದರ ಇಂದಿನ ಹೆಸರು ಕಮ್ಯುನಿಟಿ ಆಫ್ ಕ್ರೈಸ್ಟ್. ಅವರಲ್ಲಿಯೂ ಮಾರ್ಮನ್ ಗ್ರಂಥ ಧರ್ಮಗ್ರಂಥವೇ. ಆದರೆ ಅವರು ತ್ರಿತ್ವವನ್ನು ಒಪ್ಪಿದರು. 2010ರಲ್ಲಿ ಅಮೆರಿಕದ ಸಭೆಗಳ ರಾಷ್ಟ್ರೀಯ ಪರಿಷತ್ತು ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. ಹೆಚ್ಚಿನ ಗ್ರಂಥವೊಂದನ್ನು ಪವಿತ್ರವೆಂದು ಹಿಡಿದವರಿಗೂ ಬಾಗಿಲು ತೆರೆಯಿತು. ದೇವರ ಸ್ವರೂಪದಲ್ಲಿ ಭಿನ್ನರಾದವರಿಗೆ ಮುಚ್ಚಿಯೇ ಉಳಿಯಿತು. ಅವರೂ ಅದನ್ನು ತಟ್ಟಿದವರಲ್ಲ ಎಂಬುದನ್ನು ಸೇರಿಸಬೇಕು.

ಹಾಗಾದರೆ ನೈಸೀಯವನ್ನೇ ಅಳತೆಗೋಲಾಗಿ ಹಿಡಿದು ತೀರ್ಪು ಕೊಡಬಹುದೇ? ಆ ಅಳತೆಗೋಲಿಗೂ ಹುಟ್ಟಿದ ದಿನವುಂಟು. ಏಕಸತ್ತ್ವ ಎಂಬರ್ಥದ ಗ್ರೀಕ್ ಪದ ಸತ್ಯವೇದದಲ್ಲಿ ಇಲ್ಲ. ಎರಡನೆಯ ಶತಮಾನದ ಹುತಾತ್ಮ ಜಸ್ಟಿನ್ ದೇವವಾಕ್ಯವನ್ನು ಸೃಷ್ಟಿಕರ್ತನಿಗೆ ಅಧೀನನಾದ ಮತ್ತೊಬ್ಬ ದೇವರೆಂಬಂತೆ ವರ್ಣಿಸಿದ. ಅವನನ್ನು ಕ್ರೈಸ್ತನಲ್ಲವೆಂದು ಯಾರೂ ಹೇಳುವುದಿಲ್ಲ. ಇಲ್ಲಿ ಮಾರ್ಮನ್ ವಿದ್ವಾಂಸರ ವಾದಕ್ಕೆ ಬಲವಿದೆ. ಆದರೆ ಮನುಷ್ಯನು ದೇವರಾಗಲೆಂದು ದೇವರು ಮನುಷ್ಯನಾದನೆಂಬ ಅಥನೇಶಿಯಸ್‌ನ ಪ್ರಸಿದ್ಧ ಅಭಿಪ್ರಾಯವನ್ನು ಅವರು ತಮ್ಮ ಪರವಾಗಿ ತರುವಾಗ ಆ ಬಲ ಕುಗ್ಗುತ್ತದೆ. ಪೌರಸ್ತ್ಯ ಸಭೆಗಳ ದೈವೀಕರಣದಲ್ಲಿ ಮನುಷ್ಯನು ಕೃಪೆಯಿಂದ ದೇವರ ಬಾಳಿನಲ್ಲಿ ಪಾಲು ಪಡೆಯುತ್ತಾನೆ; ಸೃಷ್ಟಜೀವಿಯಾಗಿಯೇ ಉಳಿಯುತ್ತಾನೆ. ಮಾರ್ಮನ್ನರಲ್ಲಿ ದೇವರೂ ಮನುಷ್ಯನೂ ಒಂದೇ ಜಾತಿಗೆ ಸೇರಿದವರು. ಇದೂ ಶಬ್ದ ಒಂದಾಗಿ ಅರ್ಥ ಬೇರೆಯಾದ ಪ್ರಸಂಗವೇ.

ಅದೇ ಎಚ್ಚರ ನಮಗೂ ಬೇಕು. ಜೀವವೂ ಪುದ್ಗಲವೂ ಅನಾದಿ, ಆತ್ಮನೇ ಪರಮಾತ್ಮನಾಗಬಲ್ಲನು ಎಂಬುದನ್ನು ಬಾಲ್ಯದಿಂದ ಕೇಳಿ ಬೆಳೆದ ಜೈನ ಓದುಗನಿಗೆ ಸ್ಮಿತ್‌ನ ಮಾತು ಪರಿಚಿತವೆನಿಸಿ, ಇದು ನಮ್ಮದೇ ತತ್ತ್ವವೆಂದು ಹಿಗ್ಗುವ ಆಸೆಯಾಗುತ್ತದೆ. ಆದರೆ ನಮ್ಮ ಸಿದ್ಧನು ಅಶರೀರಿ, ಲೋಕಾಗ್ರದಲ್ಲಿ ನಿಷ್ಕ್ರಿಯನು. ಅವನಿಗೆ ಪತ್ನಿಯಿಲ್ಲ, ಸಂತಾನವಿಲ್ಲ, ಆಳಬೇಕಾದ ಲೋಕವಿಲ್ಲ. ಮಾರ್ಮನ್ನರ ಪರಮಪದಕ್ಕಾದರೋ ದೇವಾಲಯದಲ್ಲಿ ಶಾಶ್ವತವಾಗಿ ಮುದ್ರಿತವಾದ ದಾಂಪತ್ಯವೇ ಬಾಗಿಲು. ಕುಟುಂಬವೇ ಅಲ್ಲಿಯ ಸ್ವರ್ಗ. ಒಬ್ಬರು ಬಂಧವೆಂದು ಕಳಚುವುದನ್ನು ಇನ್ನೊಬ್ಬರು ಮುಕ್ತಿಯೆಂದು ಕಟ್ಟಿಕೊಳ್ಳುತ್ತಾರೆ.

ನಮ್ಮಲ್ಲಿಂದ ತರಬಹುದಾದ ನಿಜವಾದ ಹೋಲಿಕೆ ತತ್ತ್ವದ್ದಲ್ಲ, ಗಡಿಯದು. ಇಂದ್ರನಂದಿಯ ನೀತಿಸಾರವು ಐದು ಪಂಗಡಗಳನ್ನು ಜೈನಾಭಾಸರೆಂದು ಎಣಿಸುತ್ತದೆ. ಶ್ವೇತಾಂಬರರೂ ಯಾಪನೀಯರೂ ಆ ಪಟ್ಟಿಯಲ್ಲಿದ್ದಾರೆ. ವಿವಾದ ಸಣ್ಣದಲ್ಲ. ಸ್ತ್ರೀಗೆ ಮುಕ್ತಿಯುಂಟೇ, ಕೇವಲಿಗೆ ಆಹಾರವುಂಟೇ ಎಂಬ ಎರಡು ಪ್ರಶ್ನೆಗಳ ಮೇಲೆಯೇ ಅಮೋಘವರ್ಷನ ಕಾಲದ ಯಾಪನೀಯ ವೈಯಾಕರಣ ಶಾಕಟಾಯನನು ಪ್ರಕರಣಗಳನ್ನು ಬರೆದ. ಪೂಜ್ಯನ ಶರೀರ ಎಂತಹದು ಎಂಬುದು ಅಲ್ಲಿಯೂ ತರ್ಕದ ಕೇಂದ್ರದಲ್ಲಿತ್ತು. ಆದರೆ ಐದನೆಯ ಶತಮಾನದ ಕದಂಬ ಮೃಗೇಶವರ್ಮನ ಹಲಸಿಯ ತಾಮ್ರಶಾಸನವು ಯಾಪನೀಯ, ನಿರ್ಗ್ರಂಥ, ಕೂರ್ಚಕ ಮೂವರಿಗೂ ಒಟ್ಟಿಗೆ ದತ್ತಿ ಕೊಟ್ಟುದನ್ನು ಹೇಳುತ್ತದೆ. ಶಾಸ್ತ್ರ ಹೊರಗಿಟ್ಟವರನ್ನು ಶಾಸನ ಒಳಗೆ ಕಾಣುತ್ತದೆ. ನೀತಿಸಾರವೊಂದನ್ನೇ ನೆಚ್ಚಿದ್ದರೆ ಕನ್ನಡನಾಡಿನ ಜೈನ ಇತಿಹಾಸದಿಂದ ಯಾಪನೀಯರನ್ನು ಕೈಬಿಡಬೇಕಾಗುತ್ತಿತ್ತು. ಹಾಗೆ ನಾವು ಮಾಡಲಿಲ್ಲ. ಇಂದ್ರನಂದಿಯನ್ನು ಎಸೆಯಲೂ ಇಲ್ಲ, ಏಕೆಂದರೆ ಭೇದ ಎಲ್ಲಿತ್ತೆಂಬುದಕ್ಕೆ ಆತನೂ ಸಾಕ್ಷಿ.

ನನ್ನ ಅಭಿಪ್ರಾಯವೂ ಇದೇ ಜಾಡಿನದು. ಮಾರ್ಮನ್ನರನ್ನು ಕ್ರೈಸ್ತಾಭಾಸರೆಂದು ಬರೆಯುವವನು ವಾದಿಯ ಮಾತನ್ನು ತನ್ನ ತೀರ್ಪನ್ನಾಗಿ ಮಾಡಿಕೊಂಡಿರುತ್ತಾನೆ. ಅವರೂ ಮೆಥಡಿಸ್ಟ್, ಬ್ಯಾಪ್ಟಿಸ್ಟರಂತೆ ಇನ್ನೊಂದು ಪ್ರೊಟೆಸ್ಟಂಟ್ ಪಂಗಡವೆಂದು ಸೌಜನ್ಯದಿಂದ ಬರೆಯುವವನು ಇನ್ನೂ ದೊಡ್ಡ ತಪ್ಪು ಮಾಡುತ್ತಾನೆ: ಅವರೇ ತಮ್ಮ ಬಗ್ಗೆ ಹೇಳಿಕೊಳ್ಳುವ ಮುಖ್ಯ ಮಾತನ್ನು ಅಳಿಸುತ್ತಾನೆ. ಕ್ರಿಸ್ತನನ್ನು ರಕ್ಷಕನೆಂದು ಆರಾಧಿಸುವ, ನೈಸೀಯವನ್ನು ಒಪ್ಪದ ಕ್ರೈಸ್ತರು ಎಂದು ಬರೆದರೆ ಸಾಕು. ನೈಸೀಯೇತರ ಕ್ರೈಸ್ತರು ಎಂಬ ಪದ ಕಿವಿಗೆ ಒರಟಾಗಿದ್ದರೂ ಎರಡು ಪಕ್ಷದವರಿಗೂ ಮೋಸ ಮಾಡುವುದಿಲ್ಲ.

ಇದು ಕನ್ನಡಕ್ಕೆ ದೂರದ ಪ್ರಶ್ನೆಯೂ ಅಲ್ಲ. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ ಆ ಸಭೆ 2018ರಲ್ಲಿ ಪ್ರಕಟಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಗೆ ಸಮಾನವಾದ ವಿಧಿಯನ್ನು ನಡೆಸಿತು. ಅದನ್ನು ಚರ್ಚು ಎಂದು ಬರೆದರೆ ತಪ್ಪಾಗುತ್ತದೆ. ಭಾನುವಾರದ ಆರಾಧನೆ ನಡೆಯುವುದು ಬೇರೆ ಸಭಾಮಂದಿರಗಳಲ್ಲಿ. ದೇವಾಲಯವಿರುವುದು ದಾಂಪತ್ಯದ ಮುದ್ರಣ, ಮೃತರ ಪರವಾದ ಸ್ನಾನ ಮುಂತಾದ ವಿಧಿಗಳಿಗೆ. ಪ್ರತಿಷ್ಠೆಯಾದ ಮೇಲೆ ಅರ್ಹರೆನಿಸಿದ ಸದಸ್ಯರಿಗೆ ಮಾತ್ರ ಅಲ್ಲಿ ಪ್ರವೇಶ. ಅದೇ 2018ರಲ್ಲಿ ಸಭೆಯ ಅಧ್ಯಕ್ಷ ರಸೆಲ್ ನೆಲ್ಸನ್ ಇನ್ನೊಂದು ಮಾತನ್ನೂ ಹೇಳಿದರು: ತಮ್ಮನ್ನು ಮಾರ್ಮನ್ನರೆಂದು ಕರೆಯಬಾರದು, ಕ್ರಿಸ್ತನ ಹೆಸರುಳ್ಳ ಪೂರ್ಣನಾಮವನ್ನೇ ಬಳಸಬೇಕು. ಈ ಲೇಖನದಲ್ಲಿ ಆ ಕೋರಿಕೆಯನ್ನು ನಾನೂ ಮೀರಿದ್ದೇನೆ. ನಮ್ಮ ಓದುಗರಿಗೆ ಬೇರೆ ಹೆಸರಿನ ಪರಿಚಯವಿಲ್ಲವೆಂಬುದು ನನ್ನ ನೆಪ.