ಹಿಂಸಾದಾನ ಖಡ್ಗಕ್ಕೆ ಮಾತ್ರವೇ?

ಪ್ರತಿವರ್ಷ ಜನವರಿಯ ಹೊತ್ತಿಗೆ ನಮ್ಮ ಶಾಲಾ ಕಾಲೇಜುಗಳಲ್ಲಿ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಒಂದು ಉತ್ಸವ ಜರುಗುತ್ತದೆ. ಮೊದಲು ಸಪ್ತಾಹವಾಗಿದ್ದದ್ದು ಈಚಿನ ವರ್ಷಗಳಲ್ಲಿ ಮಾಸಾಚರಣೆಯಾಗಿ ಬೆಳೆದಿದೆ. ಮಕ್ಕಳು ಫಲಕ ಹಿಡಿದು ಮೆರವಣಿಗೆ ಹೊರಡುತ್ತಾರೆ, ಚಿತ್ರ ಬರೆಯುತ್ತಾರೆ, ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಸ್ವೀಕರಿಸುತ್ತಾರೆ. ಅದೇ ಸಂಜೆ ಅವರಲ್ಲೊಬ್ಬನು ಟ್ಯೂಷನ್ನಿಗೆ ಹೊರಟು ನಿಂತಾಗ ತಂದೆಯೇ ಸ್ಕೂಟರಿನ ಕೀಲಿಕೈಯನ್ನು ಆತನ ಅಂಗೈಯಲ್ಲಿ ಇಡುತ್ತಾನೆ. ಹೀಗಿರುವಾಗ ಬೆಳಗಿನ ಪಾಠಕ್ಕೆ ಏನು ಬೆಲೆ? ಪಾಠವೇನೋ ಸರಿಯಾದದ್ದೇ, ಅದನ್ನು ಕೇಳಬೇಕಾದವರು ಮಾತ್ರ ಆ ತರಗತಿಯಲ್ಲಿ ಕುಳಿತಿಲ್ಲ.

ಈ ಮಾತನ್ನು ಅನ್ಯರಿಗೆ ಹೇಳುವ ಮೊದಲು ನನ್ನ ಲೆಕ್ಕವನ್ನು ಒಪ್ಪಿಸಬೇಕು. ಕೆಲವು ವರ್ಷಗಳ ಹಿಂದೆ, ಹದಿನೈದು ತುಂಬಿದ ನನ್ನ ಮೊಮ್ಮಗನ ಕೈಗೆ ಅಂಗಡಿಯ ಸ್ಕೂಟರನ್ನು ಕೊಟ್ಟವನು ನಾನೇ. ಗಿರಾಕಿಯೊಬ್ಬರಿಗೆ ಬಿಲ್ಲು ತಲುಪಿಸಿ ಬಾ ಎಂದು ಕಳುಹಿಸಿದೆ. ಭದ್ರಾ ಸೇತುವೆಯ ಕಡೆಗೆ ಹೋಗುವಾಗ, ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬ ವೃದ್ಧೆಗೆ ಆತನು ಗುದ್ದಿದನು. ಆಕೆಯ ಮುಂಗೈ ಮೂಳೆ ಮುರಿಯಿತು. ಆಸ್ಪತ್ರೆಯ ಖರ್ಚನ್ನು ನಾವು ಭರಿಸಿದೆವು, ಮೇಲೆ ಒಂದಿಷ್ಟು ಹಣವನ್ನೂ ಕೊಟ್ಟೆವು, ಊರಿನ ನಾಲ್ವರು ಹಿರಿಯರು ಕುಳಿತು ಮಾತು ಮುಗಿಸಿದರು. ವಾಣಿಜ್ಯ ಪದವೀಧರನಾದ ನಾನು ಆ ಮೊತ್ತವನ್ನು ಖಾತೆಯಲ್ಲಿ 'ಇತರೆ ಖರ್ಚು' ಎಂದು ಬರೆದೆ. ವರ್ಷಾಂತ್ಯದಲ್ಲಿ ಲೆಕ್ಕ ತಾಳೆ ಹಾಕುವಾಗ ಆ ಎರಡು ಪದಗಳು ಕಣ್ಣಿಗೆ ಬಿದ್ದವು. ಒಂದು ಜೀವಿಯ ನೋವನ್ನು ಯಾವ ಶಿರೋನಾಮೆಯ ಕೆಳಗೆ ಬರೆದೆ ಎಂದು ಆ ರಾತ್ರಿ ನಿದ್ರೆ ಬರಲಿಲ್ಲ.

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವ್ರತವೂ ಒಂದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಭೇದಗಳನ್ನು ಹೇಳುವಲ್ಲಿ ಹಿಂಸಾದಾನವನ್ನೂ ಪ್ರಮಾದಚರ್ಯೆಯನ್ನೂ ಎಣಿಸುತ್ತದೆ. ಪ್ರಾಣಿವಧೆಗೆ ಸಾಧನವಾಗಬಲ್ಲ ವಸ್ತುವನ್ನು ಪರರಿಗೆ ಒದಗಿಸುವುದೇ ಹಿಂಸಾದಾನ. ನಮ್ಮ ಪ್ರವಚನಗಳಲ್ಲಿ ಇದಕ್ಕೆ ಕೊಡಲಿ, ಖಡ್ಗ, ಬೆಂಕಿ, ವಿಷ ಎಂಬ ಹಳೆಯ ಉದಾಹರಣೆಗಳನ್ನೇ ಕೇಳುತ್ತ ಬಂದಿದ್ದೇವೆ. ಯಾರ ಮನೆಯಲ್ಲಿ ಇಂದು ಖಡ್ಗವಿದೆ? ನೂರು ಕಿಲೋಗ್ರಾಂ ತೂಗುವ, ಗಂಟೆಗೆ ಎಂಬತ್ತು ಕಿಲೋಮೀಟರ್ ಓಡಬಲ್ಲ ಯಂತ್ರವಾದರೋ ಪ್ರತಿ ಅಂಗಳದಲ್ಲಿಯೂ ನಿಂತಿದೆ. ಅದನ್ನು ಅರಿವು ಬಲಿಯದ ಹುಡುಗನಿಗೆ ಒಪ್ಪಿಸುವುದು ಹಿಂಸಾದಾನವಲ್ಲದೆ ಮತ್ತೇನು? 'ಗುದ್ದಿದವನು ಮಗ, ನಾನಲ್ಲ' ಎಂದು ತಂದೆ ಹೇಳುವಂತಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿಯೂ ಕರ್ಮಬಂಧವುಂಟೆಂದು ನಮ್ಮ ಮಕ್ಕಳಿಗೆ ಪಾಠಶಾಲೆಯಲ್ಲಿಯೇ ಕಲಿಸುತ್ತೇವೆ.

ಉದ್ದೇಶವಿರಲಿಲ್ಲ ಎಂಬ ಸಮಾಧಾನವೂ ಇಲ್ಲಿ ಸಲ್ಲದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೊದಲು ಮುಂದಿಡುತ್ತದೆ. ಎಚ್ಚರ ತಪ್ಪಿದ ನಡೆಯಲ್ಲಿ ಯಾರೂ ಸಾಯದಿದ್ದರೂ ದೋಷವುಂಟು. ಎಚ್ಚರದಿಂದ ನಡೆಯುವ ಮುನಿಯ ಪಾದಕ್ಕೆ ಆಕಸ್ಮಿಕವಾಗಿ ಕೀಟವೊಂದು ಸಿಲುಕಿದರೂ ದೋಷವಿಲ್ಲ ಎಂಬುದು ನಮ್ಮ ಆಚಾರ್ಯರ ನಿರ್ಣಯ. ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುತ್ತಾರೆ. ನಡಿಗೆಯ ವೇಗಕ್ಕೆ ಅಷ್ಟು ಸಾಕು. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವನು, ಕಣ್ಣು ಕಂಡದ್ದಕ್ಕೆ ಕೈ ಬ್ರೇಕು ಹಿಡಿಯುವ ಒಂದು ಸೆಕೆಂಡಿನಲ್ಲಿಯೇ ಸುಮಾರು 37 ಮೊಳ ದಾಟಿರುತ್ತಾನೆ. ಗಾಡಿ ನಿಲ್ಲಲು ಬೇಕಾದ ದೂರ ಇನ್ನೂ ಬೇರೆ. ನಮ್ಮ ಹೊಳೆಹೊನ್ನೂರಿನ ರಸ್ತೆಗಳಲ್ಲಿ ಸುಗ್ಗಿಯ ದಿನ ಭತ್ತ ಹರವಿರುತ್ತಾರೆ, ಕತ್ತಲಾದ ಮೇಲೆ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. (ಇದು ರೈತಬಂಧುಗಳಿಗೂ ಸಂಬಂಧಿಸಿದ ಮಾತು. ಆ ಭತ್ತವನ್ನು ಕೊಳ್ಳುವವರು ನಾವೇ ಆದ್ದರಿಂದ ಹೇಳುವ ಸಲುಗೆಯೂ ನಮಗಿದೆ.)

ಕಾನೂನು ಈ ವಿಷಯದಲ್ಲಿ ಧರ್ಮಶಾಸ್ತ್ರದ ಹತ್ತಿರಕ್ಕೆ ಬಂದಿದೆಯೆಂದರೆ ವಾಚಕರು ನಗಬಾರದು. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 199ಎ ಕಲಮಿನಂತೆ, ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನೇ ಅಥವಾ ವಾಹನದ ಮಾಲೀಕನೇ ತಪ್ಪಿತಸ್ಥ. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ತನಗೆ ತಿಳಿಯದೆ ನಡೆಯಿತೆಂದು ಸಾಧಿಸುವ ಭಾರವೂ ಹಿರಿಯರದೇ. ಹದಿನಾರು ವರ್ಷದವರಿಗೆ ಲೈಸೆನ್ಸಿನೊಡನೆ ಅನುಮತಿಯಿರುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. ನಮ್ಮ ಮನೆಗಳ ಪೆಟ್ರೋಲ್ ಸ್ಕೂಟರುಗಳು ಬಹುತೇಕ 100 ಸಿಸಿ ದಾಟಿದವು. ಆದರೆ ಈ ದಂಡದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ನಮ್ಮ ಜನ ಕೇಳುವ ಮೊದಲ ಪ್ರಶ್ನೆ, 'ಯಾವ ಸರ್ಕಲ್ಲಿನಲ್ಲಿ ಹಿಡಿದರು?'

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ನಡೆಸುತ್ತಿದ್ದನೆಂಬ ಐಷಾರಾಮಿ ಕಾರು ಇಬ್ಬರು ತರುಣ ಇಂಜಿನಿಯರುಗಳ ಪ್ರಾಣ ತೆಗೆಯಿತು. ಮೊದಲು ಜಾಮೀನು ನೀಡುವಾಗ ಬಾಲನ್ಯಾಯ ಮಂಡಳಿಯು ವಿಧಿಸಿದ ಷರತ್ತುಗಳಲ್ಲಿ 300 ಪದಗಳ ಪ್ರಬಂಧ ಬರೆಯುವುದೂ ಒಂದಾಗಿತ್ತು. ದೇಶವೆಲ್ಲ ಕೋಪಗೊಂಡಿತು, ನಾವೂ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೋಪಗೊಂಡೆವು. ಜನವರಿ ತಿಂಗಳಲ್ಲಿ ನಮ್ಮ ಮಕ್ಕಳಿಂದ ನಾವು ಬರೆಯಿಸುತ್ತಿರುವುದು ಅಂಥದೇ ಪ್ರಬಂಧವಲ್ಲವೇ?

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದ ಸವಾರರು ಮತ್ತು ಹಿಂಬದಿಯಲ್ಲಿ ಕುಳಿತವರು. ಸೂಕ್ಷ್ಮಜೀವಿಗಳಿಗಾಗಿ ನೀರು ಸೋಸಿ ಕುಡಿಯುವ ಸಮಾಜಕ್ಕೆ ಈ ಸಂಖ್ಯೆ ದೂರದ ಸುದ್ದಿಯಾಗಿಯೇ ಉಳಿದಿದೆ. ಹೆದ್ದಾರಿಯಲ್ಲಿ ವಿಹಾರ ಮಾಡುವ ಮುನಿಗಳಿಗೆ, ಮಾತಾಜಿಯವರಿಗೆ ವಾಹನ ಬಡಿದಾಗ ಮಾತ್ರ ಸಭೆ ಸೇರಿ ಠರಾವು ಮಾಡುತ್ತೇವೆ, ರಕ್ಷಣೆ ಬೇಕೆಂದು ಮನವಿ ಕೊಡುತ್ತೇವೆ. ಆ ಬೇಡಿಕೆ ನ್ಯಾಯವಾದದ್ದೇ. ಮನವಿಗೆ ಸಹಿ ಹಾಕಿ ಹೊರಬಂದವರನ್ನು ಮನೆಗೆ ಕರೆದೊಯ್ಯಲು ಬಾಗಿಲಲ್ಲಿ ಬೈಕು ಹಿಡಿದು ನಿಂತವನು ಹತ್ತನೆಯ ತರಗತಿಯ ಹುಡುಗನಾಗಿದ್ದರೆ?

ಬಸ್ಸು ಸಮಯಕ್ಕಿಲ್ಲ, ಟ್ಯೂಷನ್ನು ದೂರ, ಊರೆಲ್ಲ ಹಾಗೆಯೇ ಎಂಬ ಉತ್ತರಗಳನ್ನು ನಾನೂ ಬಲ್ಲೆ, ನಾನೇ ಹೇಳಿದವನು. ಬಸ್ಸಿನ ಕೊರತೆ ನಿಜ. ಅದಕ್ಕೆ ನಾಲ್ಕು ಮನೆಯವರು ಸೇರಿ ಒಂದು ಆಟೋ ಗೊತ್ತುಮಾಡುವಷ್ಟು ಶಕ್ತಿ ನಮಗಿಲ್ಲವೆಂದರೆ ಯಾರೂ ನಂಬುವುದಿಲ್ಲ. ಎಸ್.ಎಸ್.ಎಲ್.ಸಿ. ಪಾಸಾದುದಕ್ಕೆ ಬೈಕು ಕೊಡಿಸುವ ಹಣ ಎಲ್ಲಿಂದ ಬರುತ್ತದೆ?

ಬಸದಿ, ಮಂದಿರಗಳ ವಿಶ್ವಸ್ತರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಪಾದರಕ್ಷೆಯನ್ನು ಹೊರಗೆ ಬಿಡಿ ಎಂದು ಹೇಳಲು ನಿಮಗೆ ಸಂಕೋಚವಿಲ್ಲ; ಹದಿನೆಂಟು ತುಂಬದವನು ಓಡಿಸಿ ತಂದ ವಾಹನಕ್ಕೆ ನಮ್ಮ ಆವರಣದಲ್ಲಿ ಸ್ಥಳವಿಲ್ಲ ಎಂದೂ ಒಂದು ಫಲಕ ಬರೆಯಿಸಿರಿ. ದಶಲಕ್ಷಣ ಪರ್ವದ ಹತ್ತು ಸಂಜೆಗಳಲ್ಲಿ ಒಂದನ್ನು ತಂದೆತಾಯಂದಿರಿಗೇ ಮೀಸಲಿಟ್ಟು, ಸಂಚಾರ ಪೊಲೀಸ್ ಅಧಿಕಾರಿಯೊಬ್ಬರನ್ನೂ ಮೂಳೆ ವೈದ್ಯರೊಬ್ಬರನ್ನೂ ಕರೆಯಿಸಿರಿ. ಮಕ್ಕಳನ್ನು ಆ ದಿನ ಮನೆಯಲ್ಲಿಯೇ ಬಿಡಬಹುದು. ಪ್ರತಿಭಾ ಪುರಸ್ಕಾರದ ದಾನಿಗಳಿಗೆ ಐ.ಎಸ್.ಐ. ಮುದ್ರೆಯ ಹೆಲ್ಮೆಟ್ ಕೊಡಿರೆಂದು ಸೂಚಿಸಿದರೆ ಅವರು ಬೇಡವೆನ್ನಲಾರರು. ಬೆಳ್ಳಿಯ ತಟ್ಟೆಗಿಂತ ಅಗ್ಗ.

ನನ್ನ ಮೊಮ್ಮಗ ಆ ಘಟನೆಯ ನಂತರ ಬಸ್ಸಿನಲ್ಲಿಯೇ ಓಡಾಡಿದ. ಎರಡು ತಿಂಗಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. 'ಅಜ್ಜ, ಕೊಟ್ಟವರು ನೀವೇ ಅಲ್ಲವೇ' ಎಂದು ಒಮ್ಮೆ ಕೇಳಿದ. ಹೌದೆಂದೆ. ಕೀಲಿಕೈ ಅಂದಿನಿಂದ ಗಲ್ಲಾಪೆಟ್ಟಿಗೆಯೊಳಗೆ, ಆ ವರ್ಷದ ಖಾತೆ ಪುಸ್ತಕದ ಪಕ್ಕದಲ್ಲಿದೆ. 'ಇತರೆ ಖರ್ಚು' ಎಂಬುದನ್ನು ಹೊಡೆದುಹಾಕಿ 'ಹಿಂಸಾದಾನ' ಎಂದು ತಿದ್ದಿದ್ದೇನೆ. ಲೆಕ್ಕಪರಿಶೋಧಕರು ಇದೇನೆಂದು ಕೇಳಿದಾಗ ವಿವರಿಸಲು ಅರ್ಧ ಗಂಟೆ ಹಿಡಿಯಿತು.